ಮೊದಲು ಬೆಲೆ, ಆಮೇಲೆ ಹಾದಿ

ಯಶವಂತಪುರದ ಮಾರುಕಟ್ಟೆಗೆ ಈರುಳ್ಳಿ, ಆಲೂಗಡ್ಡೆಗಳ ಮೂಟೆಗಳನ್ನು ಹೊತ್ತು ಬರುವ ಲಾರಿಗಳೂ, ತುಮಕೂರಿನ ಕಡೆಯಿಂದ ಹೊಸೂರಿನ ಕಡೆಗೆ ಸಾಗುತ್ತ ಊರೊಳಗೆ ಯಾವ ಕೆಲಸವೂ ಇಲ್ಲದ ಲಾರಿಗಳೂ ಗೊರಗುಂಟೆಪಾಳ್ಯದ ಕೂಡುದಾರಿಯಲ್ಲಿ ಒಂದರ ಹಿಂದೊಂದು ನಿಂತು ಏದುವುದನ್ನು ಕಾಣದ ಬೆಂಗಳೂರಿಗನಿಲ್ಲ. ಇವುಗಳಿಗೆ ಊರ ಹೊರಗಿನಿಂದಲೇ ಒಂದು ಹಾದಿಯಾಗಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ಆಕ್ಷೇಪವು ಹಾದಿಯ ಮೇಲಲ್ಲ. ಹಾದಿಗೆ ಬೇಕಾದ ನೆಲವನ್ನು ಹಣವಿಲ್ಲದೆ ಹಿಡಿದಿಟ್ಟ ರೀತಿಯ ಮೇಲೆ.

ತುಮಕೂರು ರಸ್ತೆಯಿಂದ ಹೊರಟು, ಬಳ್ಳಾರಿ ರಸ್ತೆ, ಹಳೆಯ ಮದರಾಸು ರಸ್ತೆಗಳನ್ನು ದಾಟಿ ಹೊಸೂರು ರಸ್ತೆಯನ್ನು ಸೇರತಕ್ಕ, ಸುಮಾರು 73 ಕಿಲೋಮೀಟರು ಉದ್ದದ ಪೆರಿಫೆರಲ್ ರಿಂಗ್ ರಸ್ತೆಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2005ರಲ್ಲಿ ಪ್ರಾಥಮಿಕ ಅಧಿಸೂಚನೆಯನ್ನೂ 2007ರಲ್ಲಿ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿತು. ಬಳಿಕ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ನಾಮಕರಣವೂ ಆಯಿತು. ಹೆಸರು ಬದಲಾಯಿತು, ರಯತನ ಅವಸ್ಥೆ ಬದಲಾಗಲಿಲ್ಲ. ಅಧಿಸೂಚನೆಯ ಪಟ್ಟಿಗೆ ಸೇರಿದ ನೆಲವನ್ನು ಕೊಳ್ಳುವವರಿಲ್ಲ. ಅದರ ಮೇಲೆ ಸಾಲ ಹುಟ್ಟುವುದಿಲ್ಲ. ಅದರಲ್ಲಿ ಮನೆ ಕಟ್ಟುವಂತಿಲ್ಲ. 2007ರಲ್ಲಿ ಒಂದನೆಯ ತರಗತಿಗೆ ಸೇರಿದ ಹುಡುಗನು 2017ರಲ್ಲಿ ಹತ್ತನೆಯದನ್ನು ಮುಗಿಸಿದನು. 2022ರ ಹೊತ್ತಿಗೆ ಪದವಿಯನ್ನೂ ಪಡೆಯುವ ವಯಸ್ಸಿಗೆ ಬಂದನು. ಆ ಓದಿಗೆ ತಂದೆಯು ಮಾರಬಹುದಾಗಿದ್ದ ಅರ್ಧ ಎಕರೆಯು ಮಾತ್ರ ತನ್ನದೂ ಅಲ್ಲದೆ ಸರಕಾರದ್ದೂ ಅಲ್ಲದೆ ಹಾಗೆಯೇ ಬಿದ್ದಿತ್ತು. ನಮ್ಮ ಓದುಗರಲ್ಲಿ ಅನೇಕರು ಉಪಾಧ್ಯಾಯರು. ಈ ಲೆಕ್ಕದ ಬೆಲೆಯನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹೀಗೇಕಾಯಿತು? ಬೊಕ್ಕಸದಲ್ಲಿ ಹಣವಿರಲಿಲ್ಲ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಜಪಾನಿನ ಸಾಲದ ಮಾತು ನಡೆಯಿತು, ಕೈಗೂಡಲಿಲ್ಲ. ಖಾಸಗಿ ಬಂಡವಾಳಗಾರರನ್ನು ಕರೆದದ್ದೂ ಫಲಿಸಲಿಲ್ಲ. ಕಡೆಗೆ ಹುಡ್ಕೋ ಸಂಸ್ಥೆಯಿಂದ 27,000 ಕೋಟಿ ರೂಪಾಯಿಗಳ ಸಾಲವೆಂದಾಯಿತು. ಅದರಲ್ಲಿ ಸುಮಾರು 21,000 ಕೋಟಿ ನೆಲಕ್ಕೇ ಬೇಕೆಂದು ಎಣಿಸಲಾಯಿತು. ಕಲ್ಲು, ಜಲ್ಲಿ, ಸೇತುವೆಗಳಿಗೆ ತಗಲುವುದರ ಮೂರುಪಟ್ಟಿಗೂ ಮಿಗಿಲಾದ ಹಣವು ನೆಲಕ್ಕೆ! ಅಂದೇ ಕೊಟ್ಟಿದ್ದರೆ ಅಲ್ಪದಲ್ಲಿ ಮುಗಿಯಬಹುದಾಗಿದ್ದ ಋಣವು ವಿಳಂಬದಿಂದಲೇ ಬೆಟ್ಟವಾಗಿ ಬೆಳೆಯಿತು.

ಇನ್ನು ಕಾಯದೆಯ ಮಾತು. 2013ರ ಭೂಸ್ವಾಧೀನ ಕಾಯದೆಯಂತೆ ನೆಲದ ಬೆಲೆಯ ಮೇಲೆ ನೂರಕ್ಕೆ ನೂರು ಹೆಚ್ಚಳ ಸಲ್ಲಬೇಕು. 1894ರ ಹಳೆಯ ಕಾಯದೆಯಲ್ಲಿ ಅದು ನೂರಕ್ಕೆ 30 ಮಾತ್ರ. ಪ್ರಾಧಿಕಾರದ ಸ್ವಾಧೀನಗಳಿಗೆ ಹೊಸ ಕಾಯದೆಯು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ತೀರ್ಪಿತ್ತಿತು. ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ಕೊಡಬೇಕಾಗಿಲ್ಲವೆಂದು ಹೇಳಿದ ಮಾತ್ರಕ್ಕೆ ಕೊಡಕೂಡದೆಂದು ಹೇಳಿದಂತಾಗಲಿಲ್ಲ. ಉದಾರತೆಗೆ ಯಾವ ಕಾಯದೆಯ ಅಡ್ಡಿಯಿದೆ? 2025ರಲ್ಲಿ ಸರಕಾರವು ನಗದಿನೊಡನೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಅಭಿವೃದ್ಧಿಪಡಿಸಿದ ನಿವೇಶನ ಮೊದಲಾದ ಬದಲಿಗಳನ್ನು ರಯತರ ಮುಂದಿಟ್ಟಿತು. ಆಯ್ಕೆಯಿರುವುದು ಒಳ್ಳೆಯದೇ. ಆದರೆ ಹಕ್ಕುಪತ್ರವು ಪೇಟೆಯಲ್ಲಿ ವ್ಯಾಪಾರಿಗೆ ಉಪಯುಕ್ತವಾದಷ್ಟು ಉತ್ತು ಉಣ್ಣುವವನಿಗೆ ಉಪಯುಕ್ತವಾಗದು.

ಅಧಿಸೂಚನೆಯನ್ನು ಮೊದಲೇ ಹೊರಡಿಸದಿದ್ದರೆ ಹಾದಿಯ ನಡುವೆ ಮನೆಗಳೆದ್ದು ಯೋಜನೆಯೇ ಕೆಡುವುದೆಂದು ವಾದಿಸುವವರುಂಟು. ಮಾತು ನಿಜ. ಹಾಗಾದರೆ ನೆಲವನ್ನು ಕಟ್ಟಿಹಾಕಿದ ಪ್ರತಿಯೊಂದು ವರ್ಷಕ್ಕೂ ಅದರ ಒಡೆಯನಿಗೆ ಬಾಡಿಗೆಯನ್ನಾದರೂ ಕೊಡಬೇಡವೇ? ಎತ್ತನ್ನು ಗೂಟಕ್ಕೆ ಕಟ್ಟಿದವನು ಮೇವು ಹಾಕಬೇಕು.

ಇದಕ್ಕಿಂತ ಶೋಚನೀಯವಾದ ಸಂಗತಿ ಇನ್ನೊಂದಿದೆ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿಯೇ ಮುಗಿಯಿತು. ಚುನಾವಣೆ ನಡೆಯದೆ ಐದು ವರ್ಷಗಳು ಕಳೆದು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಪ್ರಾಧಿಕಾರವೋ ಸರಕಾರವು ನೇಮಿಸಿದ ಮಂಡಲಿ. ಇಷ್ಟು ಭಾರಿಯಾದ ಸಾಲವನ್ನು ನಗರದ ಹೆಸರಿನಲ್ಲಿ ಎತ್ತುವ ನಿರ್ಣಯವಾದಾಗ, ಅದನ್ನು ತೀರಿಸತಕ್ಕ ನಗರವಾಸಿಗಳ ಪರವಾಗಿ ಎದ್ದು ನಿಂತು ಒಂದು ಪ್ರಶ್ನೆ ಕೇಳಬಲ್ಲ ಪ್ರತಿನಿಧಿ ನಗರಸಭೆಯಲ್ಲಿ ಒಬ್ಬನೂ ಇರಲಿಲ್ಲ. ಸಾಲವನ್ನು ಹಾದಿಯ ಸುಂಕದಿಂದ ತೀರಿಸುವೆವೆಂಬರು. ಆ ಸುಂಕವು ಲಾರಿಯ ಬಾಡಿಗೆಗೆ ಸೇರಿ, ಕಡೆಗೆ ನಮ್ಮೆಲ್ಲರ ಅಡಿಗೆಮನೆಯ ಈರುಳ್ಳಿಯ ಬೆಲೆಯಲ್ಲಿಯೇ ಕಾಣಿಸಿಕೊಳ್ಳುವುದು.

ಆದ್ದರಿಂದ ನಾವು ಕೇಳುವುದಿಷ್ಟೇ: ನೆಲದ ಹಣವು ಬೇರೆಯಾಗಿ ತೆಗೆದಿಟ್ಟ ಮೇಲೆಯೇ ಅಧಿಸೂಚನೆ ಹೊರಡಲಿ, ಹಣವಿಲ್ಲದೆ ಹಿಡಿದಿಟ್ಟ ವರ್ಷಗಳಿಗೆ ಬಾಡಿಗೆ ಸಲ್ಲಲಿ, ಸಾಲದ ಲೆಕ್ಕವು ಚುನಾಯಿತ ಸಭೆಯ ಮುಂದೆ ಬರಲಿ. ಹಾದಿಯು ಊರಿಗೆ ಬೇಕು. ಆದರೆ ಊರೆಲ್ಲರ ಅನುಕೂಲದ ವೆಚ್ಚವನ್ನು ಹಾದಿಯಲ್ಲಿ ಸಿಕ್ಕ ಕೆಲವೇ ರಯತರ ಹೆಗಲಿಗೆ ಹೊರಿಸುವುದು ಅಭಿವೃದ್ಧಿಯಲ್ಲ, ಅನ್ಯಾಯ.