ಡಿಕ್ಕಿಯೊಳಗಿನ ಹಳದಿ ಜಾಕೆಟ್

ರಜೆಗೆ ಯುರೋಪಿಗೆ ಹೋಗಿ ಅಲ್ಲಿ ಬಾಡಿಗೆ ಕಾರು ಓಡಿಸುವವರು ನಮ್ಮ ನಡುವೆ ಹೆಚ್ಚುತ್ತಿದ್ದಾರೆ. ಪುಣೆಯ ನಮ್ಮ ಚಿಕ್ಕ ಕನ್ನಡ ಬಳಗದಲ್ಲೇ ಅಂಥ ನಾಲ್ಕು ಮನೆಗಳಿವೆ. ಹೊರಡುವ ಮೊದಲು ಎಲ್ಲರ ಫೋನಿಗೂ ಒಂದು ಪಟ್ಟಿ ಬಂದು ಬೀಳುತ್ತದೆ: ರಿಫ್ಲೆಕ್ಟರ್ ಜಾಕೆಟ್, ಕೆಂಪು ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳ ಸೀಟು. ಒಂದೊಂದರ ಮುಂದೆಯೂ ಯೂರೋ ಲೆಕ್ಕದಲ್ಲಿ ದಂಡ. ಯಾವ ವಸ್ತು ಯಾಕೆ, ಎಲ್ಲಿರಬೇಕು, ಯಾವಾಗ ಕೈಗೆ ಬರಬೇಕು ಅನ್ನುವುದು ಮಾತ್ರ ಇರುವುದಿಲ್ಲ. ಈ ಪಟ್ಟಿಯ ಮೇಲೆ ನನಗೆ ಸಿಟ್ಟಿದೆ. ಕಾರಣ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಅಕ್ಕ, ಭಾವ, ಅವರ ಎಂಟು ವರ್ಷದ ಮಗನ ಜೊತೆ ನಾನೂ ಫ್ರಾನ್ಸಿಗೆ ಹೋಗಿದ್ದೆ. ಸ್ಟ್ರಾಸ್‌ಬರ್ಗ್‌ನಿಂದ ಕೋಲ್ಮಾರ್‌ಗೆ ಹೋಗುವ ಹೆದ್ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು. ಭಾವ ಕಾರನ್ನು ಬಲಕ್ಕೆ ತಂದು ರಸ್ತೆಯಂಚಿನಲ್ಲಿ ನಿಲ್ಲಿಸಿದರು. ನಿಲ್ಲುವುದೇ ತಡ, ಹಿಂದೆ ಕೂತಿದ್ದ ಹುಡುಗ ಎಡಬಾಗಿಲು ತೆಗೆದ. ಠಾಣೆಯಲ್ಲಿ ಅವನಿಗೆ ಮೂರು ವರ್ಷದಿಂದ ಕಲಿಸಿರುವುದೇ ಅದು: ಯಾವಾಗಲೂ ಎಡಗಡೆಯಿಂದಲೇ ಇಳಿ. ಇಲ್ಲಿ ಅದು ಸರಿಯಾದ ಪಾಠ. ವಾಹನಗಳು ಬಲಗಡೆ ಓಡುವ ದೇಶದಲ್ಲಿ ಎಡಬಾಗಿಲು ತೆರೆಯುವುದು ಓಡುವ ಲಾರಿಗಳ ಕಡೆಗೆ. ಅಕ್ಕ ಅವನ ಅಂಗಿಯ ಕಾಲರ್ ಹಿಡಿದು ಒಳಕ್ಕೆಳೆದಳು. ಲಾರಿ ಹಾದುಹೋದ ಗಾಳಿಗೆ ಇಡೀ ಕಾರು ಅಲ್ಲಾಡಿತು.

ಜಾಕೆಟ್‌ಗಳು ಇದ್ದವು. ಪಟ್ಟಿ ನೋಡಿ ಭಾವನೇ ಬಾಡಿಗೆ ಕೌಂಟರಿನಲ್ಲಿ ಕೇಳಿ ಪಡೆದಿದ್ದರು. ಇದ್ದದ್ದು ಡಿಕ್ಕಿಯಲ್ಲಿ, ನಾಲ್ಕು ಸೂಟ್‌ಕೇಸುಗಳ ಅಡಿಯಲ್ಲಿ. ಅವನ್ನು ತೆಗೆಯಲು ಭಾವ ಕಡುನೀಲಿ ಟೀ ಶರ್ಟಿನಲ್ಲಿ, ವಾಹನಗಳಿಗೆ ಬೆನ್ನು ಹಾಕಿ, ಒಂದೊಂದೇ ಸೂಟ್‌ಕೇಸ್ ಇಳಿಸುತ್ತ ನಿಂತರು. ನಮ್ಮ ಭಾಷೆಯಲ್ಲಿ ಸಾಮಾನಿಡುವ ಜಾಗಕ್ಕೂ ವಾಹನ ಬಂದು ಗುದ್ದುವುದಕ್ಕೂ ಒಂದೇ ಪದ ಇದೆ ಎಂದು ನನಗೆ ಹೊಳೆದದ್ದು ಆಗಲೇ.

ಫ್ರಾನ್ಸ್ 2008ರಲ್ಲಿ ಜಾಕೆಟ್ ಕಡ್ಡಾಯ ಮಾಡಿದಾಗ ಹೇಳಿದ್ದು ಬರೀ ‘ಕಾರಿನಲ್ಲಿ ಇರಬೇಕು’ ಎಂದಲ್ಲ. ಕೂತಲ್ಲಿಂದಲೇ ಕೈಗೆ ಸಿಗಬೇಕು, ತೊಟ್ಟ ಮೇಲೆಯೇ ಕೆಳಗಿಳಿಯಬೇಕು. ತ್ರಿಕೋನವನ್ನು ಕನಿಷ್ಠ 30 ಮೀಟರ್ ಹಿಂದೆ ಇಡಬೇಕು, ಆದರೆ ಇಡಲು ಹೋಗುವುದೇ ಜೀವಕ್ಕೆ ಅಪಾಯವಾದರೆ ಬೇಡ. ಇಟಲಿಯ ಕಾನೂನಿನ ಒತ್ತು ಇರುವುದು ರಾತ್ರಿ ಊರಾಚೆಯ ರಸ್ತೆಯಲ್ಲಿ ಇಳಿಯುವಾಗ ತೊಡುವುದರ ಮೇಲೆ. ಜರ್ಮನಿಯಲ್ಲಿ ತ್ರಿಕೋನ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಜೊತೆಗೆ 2014ರಿಂದ ಜಾಕೆಟ್ ಕೂಡ ಕಾರಿನಲ್ಲಿರಬೇಕು. ಇರುವುದು, ಸಿಗುವುದು, ತೊಡುವುದು: ಇವು ಮೂರು ಬೇರೆ ಬೇರೆ ಕ್ರಿಯಾಪದ. ನಮ್ಮ ಪಟ್ಟಿ ಮೂರನ್ನೂ ‘ಇರಬೇಕು’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತದೆ. ಅನುವಾದದಿಂದಲೇ ಹೊಟ್ಟೆ ಹೊರೆಯುವ ನನಗೆ ಇದು ಸಣ್ಣ ತಪ್ಪಾಗಿ ಕಾಣುವುದಿಲ್ಲ.

‘ಎಲ್ಲ ಟೂರಿಸ್ಟರಿಂದ ದುಡ್ಡು ಕೀಳುವ ಉಪಾಯ’ ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿ. 2012ರಲ್ಲಿ ಫ್ರಾನ್ಸ್ ಪ್ರತಿ ಕಾರಿನಲ್ಲೂ ಮದ್ಯ ಪರೀಕ್ಷಿಸುವ ಊದುಕೊಳವೆ ಇರಬೇಕೆಂದಿತು. ಅದಕ್ಕೆಂದು ಯೋಚಿಸಿದ್ದ 11 ಯೂರೋ ದಂಡ ಜಾರಿಗೇ ಬರಲಿಲ್ಲ, 2020ರಲ್ಲಿ ನಿಯಮವೇ ಹೋಯಿತು. ಸ್ಪೇನಿನಲ್ಲಿ ತ್ರಿಕೋನ ಇಡಲು ನಡೆದು ಹೋಗುವವರೇ ವಾಹನಕ್ಕೆ ಸಿಗುತ್ತಾರೆ ಎಂಬ ಕಾರಣಕ್ಕೆ, ಅಲ್ಲಿ ನೋಂದಾಯಿಸಿದ ಕಾರುಗಳಿಗೆ 2026ರ ಜನವರಿ 1ರಿಂದ ಮಿನುಗುವ ದೀಪ ಕಡ್ಡಾಯವಾಗಿದೆ. ಒಳಗಿನಿಂದಲೇ ಕೈ ಚಾಚಿ ಅದನ್ನು ಛಾವಣಿಗೆ ಅಂಟಿಸಬಹುದು. ಕೆಲಸಕ್ಕೆ ಬಾರದ್ದನ್ನು ಬಿಡುವುದು, ಇರುವುದನ್ನು ತಿದ್ದುವುದು ದುಡ್ಡು ಕೀಳುವವರ ಲಕ್ಷಣವಲ್ಲ.

‘ಅವರಿಗೆ ಶಿಸ್ತು ರಕ್ತದಲ್ಲೇ ಇದೆ’ ಎನ್ನುವವರು ಇನ್ನೊಂದು ಗುಂಪು. ಅದೂ ಸುಳ್ಳು. ಈ ಜಾಕೆಟ್ ತೊಡಲು ಫ್ರೆಂಚರಿಗೂ ನಾಚಿಕೆಯಿತ್ತು. ಆ ನಾಚಿಕೆ ಕಳೆಯಲೆಂದೇ ಸರ್ಕಾರ 2008ರಲ್ಲಿ ಹೆಸರಾಂತ ವಸ್ತ್ರವಿನ್ಯಾಸಕಾರ ಕಾರ್ಲ್ ಲಾಗರ್‌ಫೆಲ್ಡ್‌ಗೆ ಸೂಟಿನ ಮೇಲೆ ಹಳದಿ ಜಾಕೆಟ್ ತೊಡಿಸಿ ಜಾಹೀರಾತು ಮಾಡಿತು. ಹತ್ತು ವರ್ಷ ಕಳೆದು, 2018ರ ನವೆಂಬರಿನಲ್ಲಿ, ಇಂಧನ ತೆರಿಗೆಯ ವಿರುದ್ಧ ಜನ ಬೀದಿಗಿಳಿದಾಗ ತೊಟ್ಟದ್ದು ಅದನ್ನೇ, ಯಾಕೆಂದರೆ ಅಷ್ಟು ಹೊತ್ತಿಗೆ ಅದು ಎಲ್ಲರ ಕಾರಿನಲ್ಲೂ ಇತ್ತು.

ನಮ್ಮ ನಾಚಿಕೆಗೆ ಬೇರೆ ಬಣ್ಣವಿದೆ. ಆ ದಿನ ಜಾಕೆಟ್ ಸಿಕ್ಕ ಮೇಲೂ ಭಾವ ತೊಡಲಿಲ್ಲ. ‘ನಾನೇನು ರಸ್ತೆ ಗುಡಿಸೋಕೆ ಬಂದಿದೀನಾ?’ ಎಂದು ನಕ್ಕರು. ಆ ನಗೆಯಲ್ಲಿ ನಮ್ಮ ಸಮಾಜ ಪೂರ್ತಿ ಇದೆ. ಇಲ್ಲಿ ಆ ಜಾಕೆಟ್ ಪೌರಕಾರ್ಮಿಕರದು, ರಸ್ತೆ ಕೆಲಸದವರದು, ಟ್ರಾಫಿಕ್ ಪೊಲೀಸರದು. ಕಾರಿರುವವರು ಅದನ್ನು ತೊಟ್ಟರೆ ಒಂದು ಮೆಟ್ಟಿಲು ಕೆಳಗಿಳಿದಂತೆ. ರಾತ್ರಿ ಹೊತ್ತು ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಈ ಮೆಟ್ಟಿಲುಗಳು ಕಾಣುವುದಿಲ್ಲ. ಜಾಕೆಟ್ ತೊಟ್ಟವರು ಕಾಣುತ್ತಾರೆ, ಅಷ್ಟೆ.

ಪುಣೆಯಿಂದ ಹುಬ್ಬಳ್ಳಿಗೆ ರಾತ್ರಿ ಹೋದವರಿಗೆಲ್ಲ ಗೊತ್ತು: ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಮರದ ಟೊಂಗೆ. ಲಾರಿ ಹೊರಟು ಹೋದರೂ ಕಲ್ಲು ಅಲ್ಲೇ ಉಳಿಯುತ್ತದೆ. ಆ ಚಾಲಕನನ್ನು ಬೈಯುವ ನಮ್ಮ ಕಾರಿನಲ್ಲಿ, ಕಂಪನಿಯವರು ಕೊಟ್ಟ ತ್ರಿಕೋನ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದು ನಮ್ಮ ಮೋಟಾರು ವಾಹನ ಕಾಯ್ದೆಯೂ ಹೇಳುತ್ತದೆ. ಆದರೂ ಜರ್ಮನಿಯಲ್ಲಿ ಸೀಟಿಗೆ ಬಾಡಿಗೆ ಕೊಟ್ಟು ಬಂದವರೇ ಮುಂಬೈ ವಿಮಾನ ನಿಲ್ದಾಣದಿಂದ ಮನೆಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ಅವರು ಹೆದರಿದ್ದು ಪೊಲೀಸರಿಗೆ. ಪಟ್ಟಿ ಕಲಿಸಿದ್ದೂ ಅಷ್ಟನ್ನೇ.

ಆದ್ದರಿಂದ ಪಟ್ಟಿ ಕಳಿಸುವವರಲ್ಲಿ ನನ್ನ ಬೇಡಿಕೆ ಇಷ್ಟು: ದಂಡದ ಕಾಲಂ ಅಳಿಸಿ. ಅದರ ಜಾಗದಲ್ಲಿ ಬರೆಯಿರಿ: ಜಾಕೆಟ್ ತಲೆಗೊಂದರಂತೆ, ಸೀಟಿನ ಕೆಳಗೆ ಅಥವಾ ಬಾಗಿಲ ಜೇಬಿನಲ್ಲಿ. ಮಕ್ಕಳಿಗೆ ಹೊರಡುವ ಮೊದಲೇ ಹೇಳಿ, ಅಲ್ಲಿ ಇಳಿಯುವುದು ಬಲಗಡೆಯಿಂದ. ಇಳಿದವರೆಲ್ಲ ತಡೆಬೇಲಿಯ ಆಚೆ. ವಾಪಸು ಬಂದ ಮೇಲೆ ಸ್ವಂತ ಕಾರಿಗೂ ನಾಲ್ಕು ಜಾಕೆಟ್ ಕೊಳ್ಳಿ. ನಾಲ್ಕಕ್ಕೂ ಸೇರಿ ಒಂದು ಹೊತ್ತಿನ ಹೋಟೆಲ್ ಬಿಲ್ಲಿನಷ್ಟೂ ಆಗುವುದಿಲ್ಲ.

ಅಕ್ಕ ಕೊಂಡಿದ್ದಾಳೆ. ಭಾವನ ಸೀಟಿನ ಕೆಳಗೂ ಒಂದನ್ನು ಮಡಚಿಟ್ಟಿದ್ದಾಳೆ. ಅವರು ಇನ್ನೂ ತೊಟ್ಟಿಲ್ಲ, ಹಾಗಂತ ತೆಗೆದು ಡಿಕ್ಕಿಗೂ ಹಾಕಿಲ್ಲ.