ಸಾರಿಗೆ ಉಪ್ಪು ಹೆಚ್ಚಾದರೆ ಚೆಲ್ಲುತ್ತೀರಾ?



ಸಾರಿಗೆ ಉಪ್ಪು ಜಾಸ್ತಿ ಬಿತ್ತು ಅಂತಿಟ್ಟುಕೊಳ್ಳಿ. ಏನು ಮಾಡ್ತೀರಿ? ಚೆಲ್ಲೋದಿಲ್ಲ ಅಲ್ವೇ? ಇನ್ನೊಂದು ಹಿಡಿ ಬೇಳೆ ಬೇಯಿಸಿ, ಕಟ್ಟಿನ ಸಮೇತ ಸೇರಿಸಿ ಕುದಿಸುತ್ತೀರಿ. ಇಡ್ಲಿ ಹಿಟ್ಟು ಹುಳಿ ಬಂದರೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು ಮಾಡುತ್ತೀರಿ. ಮಕ್ಕಳು "ಇನ್ನೊಂದು ಹಾಕಮ್ಮಾ" ಅಂತಾರೆ. ಅಡುಗೆಮನೆಯಲ್ಲಿ ನಾವು ಎಷ್ಟು ಜಾಣೆಯರು! ಆದರೆ ಬಾಳಿನಲ್ಲಿ ಒಂದು ತಪ್ಪಾದರೆ ಮಾತ್ರ ಮುಚ್ಚಳ ಮುಚ್ಚಿ ಅಟ್ಟಕ್ಕೆ ಹಾಕಿಬಿಡುತ್ತೇವೆ. ಅದು ಅಲ್ಲೇ ಹಳಸುತ್ತಿರುತ್ತದೆ.

ಹಾಗೆ 28 ವರ್ಷ ನಾನು ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಇವತ್ತು ನಿಮ್ಮ ಮುಂದೆ ತೆರೆದಿಡುತ್ತೇನೆ.

1996ರಲ್ಲಿ ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದೆ. ಆಮೇಲೆ ಮತ್ತೆ ಕಟ್ಟಿ ಪಾಸಾದೆ. ಮದುವೆ ಮಾತುಕತೆಯಲ್ಲಿ ಅಪ್ಪ "ಹುಡುಗಿ ಎಸ್ಸೆಸ್ಸೆಲ್ಸಿ ಪಾಸು" ಅಂದರು. ಸುಳ್ಳೇನಲ್ಲ. ಆದರೆ ಮೊದಲು ಫೇಲಾಗಿದ್ದನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮ ಯಜಮಾನರಿಗೂ. ಅಂಕಪಟ್ಟಿಯಲ್ಲಿ ಪಾಸಾದ ತಿಂಗಳು ನೋಡಿದರೆ ಗೊತ್ತಾಗುತ್ತದೆಂದು ಅದನ್ನು ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಅಡಿಯಲ್ಲಿ ಇಟ್ಟುಬಿಟ್ಟೆ.

ಅದು ಅಲ್ಲಿ ಸುಮ್ಮನೆ ಕೂತಿತ್ತೇ? ಇಲ್ಲ ಕಣ್ರೀ. ಮುಚ್ಚಿಟ್ಟವರಿಗೆ ಭಯ ಜಾಸ್ತಿ. ಮಗಳಿಗೆ ಲೆಕ್ಕದಲ್ಲಿ ನಾಲ್ಕು ಅಂಕ ಕಡಿಮೆ ಬಂದರೂ ನನ್ನ ಮೈ ಉರಿಯುತ್ತಿತ್ತು. ಬೈಯುತ್ತಿದ್ದುದು ಅವಳನ್ನಲ್ಲ, ಟ್ರಂಕಿನಲ್ಲಿದ್ದ ಹುಡುಗಿಯನ್ನು. ಅದು ಆಗ ನನಗೇ ತಿಳಿದಿರಲಿಲ್ಲ.

2024ರ ಮೇ 9ರಂದು ಅವಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಐದು ವಿಷಯ ಪಾಸು, ಗಣಿತ ಫೇಲು. ನನ್ನ ಬಾಯಿಂದ ಬಂದ ಮಾತು ಕೇಳಿ: "ನಮ್ಮ ಮನೇಲಿ ಯಾರೂ ಫೇಲಾದೋರಿಲ್ಲ. ಮರ್ಯಾದೆ ತೆಗೆದೆಯಲ್ಲೇ!"

ಅವಳು ಅಳಲಿಲ್ಲ. ಎದುರು ಮಾತಾಡಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ. ಮಾರನೆಯ ದಿನವೂ ಹಾಗೇ. ಎರಡನೇ ರಾತ್ರಿ ಎಚ್ಚರವಾಗಿ ನೋಡಿದರೆ, ಕೋಣೆಯಲ್ಲಿ ದೀಪ ಉರೀತಿದೆ, ಮಗು ಕಿಟಕಿ ಪಕ್ಕ ಕೂತಿದೆ. "ಯಾಕೆ ಮಲಗಿಲ್ಲ?" ಅಂದೆ. "ಅಮ್ಮಾ, ನಾನಿಲ್ದಿದ್ರೆ ಮನೆ ಮರ್ಯಾದೆ ಉಳೀತಿತ್ತಲ್ವಾ?" ಅಂದಳು.

ನನ್ನ ಎದೆ ಧಸಕ್ಕೆಂದಿತು. ಏನು ಹೇಳಲೂ ತೋಚಲಿಲ್ಲ. ಟ್ರಂಕು ತೆಗೆದು, ಆ ಅಂಕಪಟ್ಟಿ ತಂದು ಅವಳ ಮಡಿಲಿಗೆ ಹಾಕಿದೆ. ಓದಿದಳು. "ಅಮ್ಮಾ, ನೀನೂನಾ?" ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಸದ್ದಿಗೆ ಎದ್ದುಬಂದ ಯಜಮಾನರು ಕಾಗದ ನೋಡಿ, "ಇದಕ್ಕಾ ಇಷ್ಟು ವರ್ಷ ಬೀಗ ಹಾಕಿದ್ದೆ?" ಅಂದರು. ಅಷ್ಟೇ. ನಾನು ಹೆದರಿದ್ದ ಪ್ರಳಯ ಏನೂ ಆಗಲಿಲ್ಲ.

ಆ ರಾತ್ರಿ ಅವಳ ಪಕ್ಕದಲ್ಲೇ ಮಲಗಿದೆ. ಬೆಳಿಗ್ಗೆ ಟೆಲಿ-ಮಾನಸ್‌ಗೆ ಫೋನ್ ಮಾಡಿದೆವು. ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸಹಾಯವಾಣಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಬದುಕೇ ಬೇಡ ಎನ್ನುವ ಮಾತಾಡಿದರೆ ಗದರಿಸಬೇಡಿ, ಒಬ್ಬರನ್ನೇ ಬಿಡಬೇಡಿ.

ಇನ್ನು ಪರೀಕ್ಷೆಯ ಮಾತು. ಆ ವರ್ಷ ಪರೀಕ್ಷಾ ಮಂಡಳಿಯವರು ಪೂರಕ ಪರೀಕ್ಷೆ ಎಂಬ ಹೆಸರನ್ನೇ ತೆಗೆದು, ಪರೀಕ್ಷೆ-1, 2, 3 ಎಂದು ಮೂರು ಸಲ ನಡೆಸಿದರು. ಪಾಸಾದವರೂ ಅಂಕ ಸಾಲದೆನಿಸಿದರೆ ಮತ್ತೆ ಬರೆಯಬಹುದಿತ್ತು. ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಮಂಡಳಿಗೇ ಇಷ್ಟು ಕರುಣೆ ಇರುವಾಗ ಹೆತ್ತ ತಾಯಿಗೆ ಬೇಡವೇ ಅಂತ ನನಗೇ ನಾಚಿಕೆಯಾಯಿತು.

ಆದರೆ ಲೆಕ್ಕ ಹೇಳಿಕೊಡುವವರು ಯಾರು? ನನಗೆ ಬಾರದು. ಅದನ್ನು ಒಪ್ಪಿಕೊಂಡು, ಎದುರುಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಹೋಗಿ ಸಂಕೋಚದಿಂದ ಕೇಳಿದೆ. ಅವರು ನಕ್ಕುಬಿಟ್ಟರು. "ಶ್ರೀಗಂಧದ ಕಾವಲಲ್ಲಿದ್ದುಕೊಂಡು ಸಂಕೋಚ ಯಾಕಮ್ಮಾ? ಗಂಧದ ಗಿಡಕ್ಕೆ ಒಂಟಿಯಾಗಿ ಬೆಳೆಯೋಕೆ ಬರೋದಿಲ್ಲ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ಸಾರ ಹೀರಿಕೊಳ್ಳುತ್ತೆ. ಅದಕ್ಕೇ ಬೆಳೆಯೋರು ಪಕ್ಕದಲ್ಲಿ ತೊಗರಿ ಹಾಕ್ತಾರೆ. ಆ ಕೊರತೆ ನೋಡಿ ಯಾರಾದ್ರೂ ಗಂಧ ಬೇಡ ಅಂದಿದ್ದಾರಾ?" ಅಂದರು.

ಎಷ್ಟು ನಿಜ! ಕೊರತೆ ಇದೆ ಎಂದು ತಿಳಿದದ್ದರಿಂದಲೇ ಪಕ್ಕದಲ್ಲಿ ತೊಗರಿ ಹಾಕುವುದು. ನಾನು ನನ್ನ ಕೊರತೆಯನ್ನು ಒಪ್ಪಿಕೊಂಡಿದ್ದರೆ ಎರಡು ವರ್ಷ ಮೊದಲೇ ಅವರ ಬಾಗಿಲು ತಟ್ಟುತ್ತಿದ್ದೆ.

ಮಗಳು ಜೂನ್‌ನಲ್ಲಿ ಪರೀಕ್ಷೆ-2 ಬರೆದು ಪಾಸಾದಳು. ಎಷ್ಟು ಅಂಕ ಅಂತ ಕೇಳಬೇಡಿ. ನಾನೂ ಎರಡನೇ ಸಲ ಕೇಳಲಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ. ಆಡಿದ ಮಾತು ವಾಪಸ್ ಬರೋದಿಲ್ಲ. ನನ್ನ ನಾಲಿಗೆ ಇನ್ನೂ ಚುರುಕೇ. ಸಿಟ್ಟು ಬಂದಾಗ ಈಗ ಹಿತ್ತಲಿಗೆ ಹೋಗಿ ಎರಡು ಬಿಂದಿಗೆ ಬಟ್ಟೆ ನೀರಲ್ಲಿ ನೆನೆಸಿ ಬರುತ್ತೇನೆ. ಒಗೆದು ಮುಗಿಯುವ ಹೊತ್ತಿಗೆ ಸಿಟ್ಟೂ ಅರ್ಧ ಇಳಿದಿರುತ್ತದೆ. ಕೆಲವು ದಿನ ಹಿತ್ತಲಿಗೆ ಹೋಗುವ ಮೊದಲೇ ಮಾತು ಜಾರುತ್ತದೆ. ಆಗ ಅದೇ ದಿನ, ಮಲಗುವ ಮೊದಲು, "ತಪ್ಪಾಯ್ತು ಕಣೇ" ಅನ್ನುತ್ತೇನೆ. ಅದರ ಹಿಂದೆ "ಆದರೆ ನೀನೂ..." ಅಂತ ಬಾಲ ಸೇರಿಸುವುದಿಲ್ಲ. ಬಾಲ ಸೇರಿದರೆ ಕ್ಷಮೆ ಮತ್ತೆ ಬೈಗುಳವಾಗುತ್ತದೆ.

ಸೋದರಿಯರೇ, ನೀವೂ ಏನೋ ಒಂದನ್ನು ಬಚ್ಚಿಟ್ಟಿರಬಹುದು. ಕೈಬಿಟ್ಟ ಓದು, ಯಾರಿಗೋ ನಂಬಿ ಕೊಟ್ಟ ದುಡ್ಡು, ಸಾಯುವ ಮುಂಚೆ ಅತ್ತೆಗೆ ಅಂದ ಒರಟು ಮಾತು. ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ನಂಬುವ ಒಬ್ಬರಿಗೆ ಹೇಳಿ. ಸರಿಪಡಿಸಲು ಆಗುವುದನ್ನು ಸರಿಪಡಿಸಿ. ಆಗದ್ದನ್ನು ದಿನಾ ಕೆದಕಬೇಡಿ. ನಿಮ್ಮ ಸೋಲು ಮುಚ್ಚಿಟ್ಟರೆ ನಿಮಗೊಬ್ಬರಿಗೇ ಹೊರೆ. ಹೇಳಿದರೆ ಇನ್ನೊಬ್ಬರಿಗೆ ಊರುಗೋಲಾದೀತು.

ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯನ್ನು ಆಗಾಗ ತೆಗೆದು ಗಾಳಿಗೆ ಹಾಕುತ್ತೇವಲ್ಲ, ಈ ಸಲ ಅದರ ಅಡಿಯಲ್ಲಿ ಇರುವುದನ್ನೂ ತೆಗೆದು ಹಾಕಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.

ನಿಮ್ಮ ಸೋದರಿ,
ಶ್ರೀಗಂಧದ ಕಾವಲು, ಬೆಂಗಳೂರು