ರಕ್ತಪಿಶಾಚಿಯ ಬಲ ಹಲ್ಲಿನಲ್ಲಿಲ್ಲ

ವ್ಯಾಂಪೈರ್ ಎಂದ ಕೂಡಲೇ ನಮಗೆ ಸಿನಿಮಾ ನೆನಪಾಗುತ್ತದೆ: ಕೋರೆಹಲ್ಲು, ಕಪ್ಪು ನಿಲುವಂಗಿ, ಬಿಸಿಲು ತಾಗಿದರೆ ಸಾವು. ಆದರೆ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಥೆಗಳ ರಕ್ತಪಿಶಾಚಿಗಳು ಒಂದೇ ಅಚ್ಚಿನವಲ್ಲ. ಕಾದಂಬರಿಯ ಡ್ರಾಕುಲಾ ಲಂಡನ್ನಿನಲ್ಲಿ ಹಗಲಿನಲ್ಲೇ ಓಡಾಡುತ್ತಾನೆ. ಬಿಸಿಲಿಗೆ ಸಾಯುವ ಕಲ್ಪನೆ ಹೆಸರಾದದ್ದು 1922ರ 'ನೊಸ್ಫೆರಾಟು' ಎಂಬ ಮೂಕಿಚಿತ್ರದಿಂದ.

ಕವಿ ಬೈರನ್ನನ ವೈದ್ಯನಾಗಿದ್ದ ಜಾನ್ ಪೊಲಿಡೋರಿ 1819ರಲ್ಲಿ ಪ್ರಕಟವಾದ ಕಥೆಯಲ್ಲಿ ಲಾರ್ಡ್ ರುತ್ವೆನ್‌ನನ್ನು ತಂದ. ಇವನು ದೊಡ್ಡ ಮನುಷ್ಯ, ಎಲ್ಲರ ಮನೆಗೂ ಆಹ್ವಾನವಿದೆ. ದಾನವನ್ನೂ ಮಾಡುತ್ತಾನೆ, ಆದರೆ ಕೆಟ್ಟ ಚಟದವರಿಗೇ. ಆ ಹಣದಿಂದ ಅವರು ಇನ್ನಷ್ಟು ಹಾಳಾಗುತ್ತಾರೆ. ಐರ್ಲೆಂಡಿನ ಶೆರಿಡನ್ ಲೆ ಫಾನು 1872ರ ಹೊತ್ತಿಗೆ ಬರೆದ 'ಕಾರ್ಮಿಲ್ಲಾ'ದಲ್ಲಿ ರಕ್ತಪಿಶಾಚಿ ಒಬ್ಬ ಹುಡುಗಿ. ಒಂಟಿಯಾಗಿ ಬೆಳೆದ ಲಾರಾಳ ಮನೆಗೆ ಅತಿಥಿಯಾಗಿ ಬಂದು ಗೆಳತಿಯಾಗುತ್ತಾಳೆ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಗಿರಾಕಿಯಂತೆ ಬರುತ್ತಾನೆ. ವಕೀಲನನ್ನು ತನ್ನ ಕೋಟೆಗೆ ಕರೆಸಿಕೊಂಡು, ಕಾಗದಪತ್ರ ಸರಿಮಾಡಿಕೊಂಡು ಇಂಗ್ಲೆಂಡಿನಲ್ಲಿ ಆಸ್ತಿ ಕೊಳ್ಳುತ್ತಾನೆ.

ಯಜಮಾನ, ಗೆಳತಿ, ಗಿರಾಕಿ. ವೇಷ ಬೇರೆ ಬೇರೆ. ಆದರೆ ಮೂವರಿಗೂ ಬಲ ಕೊಡುವುದು ಒಂದೇ: ಸುತ್ತಲಿನವರ ಮೌನ.

ತನ್ನ ಸಾವಿನ ಸುದ್ದಿಯನ್ನೂ ಪಾಪಗಳನ್ನೂ ಒಂದು ವರ್ಷ ಒಂದು ದಿನ ಯಾರಿಗೂ ಹೇಳಬಾರದೆಂದು ರುತ್ವೆನ್ ಆಬ್ರಿ ಎಂಬ ಯುವಕನಿಂದ ಆಣೆ ಮಾಡಿಸಿಕೊಳ್ಳುತ್ತಾನೆ. ನಂತರ ಜೀವಂತ ಬಂದು ಆಬ್ರಿಯ ತಂಗಿಯನ್ನೇ ಮದುವೆಯಾಗುತ್ತಾನೆ. ಆಬ್ರಿ ಆಣೆ ಉಳಿಸಿಕೊಂಡ, ತಂಗಿಯನ್ನು ಕಳೆದುಕೊಂಡ. ಲಾರಾಳಿಗೆ ಏನಾಗುತ್ತಿದೆ ಎಂದು ವೈದ್ಯರು ಅವಳ ತಂದೆಗೆ ಹೇಳುತ್ತಾರೆ. ತಂದೆ ಅವಳಿಗೆ ಹೇಳುವುದಿಲ್ಲ. 'ಡ್ರಾಕುಲಾ'ದಲ್ಲಿ ಮೀನಾ ಎಲ್ಲರ ಡೈರಿ, ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಟೈಪ್ ಮಾಡುತ್ತಾಳೆ. ನಾವು ವೋಚರ್ ಜೋಡಿಸಿದಾಗ ಲೆಕ್ಕ ಕಾಣುವಂತೆ ಅಲ್ಲಿ ಸತ್ಯ ಕಾಣುತ್ತದೆ. ಆಮೇಲೆ ಗಂಡಸರು ಅವಳ ಒಳ್ಳೆಯದಕ್ಕೆಂದು ಅವಳಿಂದಲೇ ವಿಷಯ ಮುಚ್ಚಿಡುತ್ತಾರೆ. ಆ ದಿನಗಳಲ್ಲೇ ಡ್ರಾಕುಲಾ ಅವಳ ಮೇಲೆ ಎರಗುತ್ತಾನೆ. ಮತ್ತೆ ಎಲ್ಲವನ್ನೂ ಅವಳೊಂದಿಗೆ ಹಂಚಿಕೊಂಡ ಮೇಲೆಯೇ ಅವರು ಗೆಲ್ಲುವುದು.

ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಒಬ್ಬರ ಗುಟ್ಟು ಅಮಾನತ್ ಇದ್ದಂತೆ ಎಂದು ನಮ್ಮ ಮನೆಗಳಲ್ಲಿ ಕಲಿಸುತ್ತಾರೆ. ಅದು ಸರಿ. ಗೆಳತಿಯ ಮನೆಯ ಕಷ್ಟ, ಗೆಳೆಯನ ಕಡಿಮೆ ಅಂಕ ಇವು ಅಮಾನತ್. ಆದರೆ ಒಬ್ಬರು ಇನ್ನೊಬ್ಬರಿಗೆ ಮಾಡುತ್ತಿರುವ ಅನ್ಯಾಯವನ್ನು ಮುಚ್ಚಲು ಪಡೆದ ಆಣೆ ಅಮಾನತ್ ಅಲ್ಲ. ಫೋಟೊ ತೋರಿಸಿ ಹೆದರಿಸುವವನೂ, ಕಿರಿಯರನ್ನು ಪೀಡಿಸುವವನೂ ಮೊದಲು ಹೇಳುವ ಮಾತು "ಯಾರಿಗೂ ಹೇಳಬೇಡ" ಎಂದೇ. ಅಂಥ ಮಾತು ಕೇಳಿದ ದಿನವೇ ನಂಬಿಕೆಯ ಹಿರಿಯರಿಗೋ ಉಪನ್ಯಾಸಕರಿಗೋ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಹಿರಿಯರಲ್ಲೂ ಒಂದು ವಿನಂತಿ: ಲಾರಾಳ ತಂದೆಯಂತೆ ನಮ್ಮಿಂದ ಮುಚ್ಚಿಡಬೇಡಿ. ಅಪಾಯ ನಮ್ಮದಾದರೆ ಅದರ ಹೆಸರು ನಮಗೂ ತಿಳಿದಿರಲಿ.